ಗೊರೂರು ಹಿನ್ನೀರಿನಲ್ಲಿ ಅಬ್ಬಕ್ಕನ ಕಡಲು

ಪ್ರಶ್ನೆ: ನಾವು ಅರಕಲಗೂಡು ಕಡೆಯ ಎಂಟು ಜನ ನಾಟಕದ ಹುಡುಗರು. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರ ಮೇಲೆ ಮಾಡಿದ ಸಮುದ್ರಯುದ್ಧದ ಬಗ್ಗೆ ಮುಕ್ಕಾಲು ಗಂಟೆಯ ಸಿನಿಮಾ ತೆಗೆಯಲು ಹೊರಟಿದ್ದೇವೆ. ಮಂಗಳೂರಿನಲ್ಲಿ ತಿಂಗಳುಗಟ್ಟಲೆ ಕೂರುವಷ್ಟು ದುಡ್ಡಿಲ್ಲ. ಗೊರೂರು ಹಿನ್ನೀರಿನಲ್ಲೇ ಯುದ್ಧ ತೆಗೆದು, ಹಡಗುಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿದರೆ ಸಾಕಲ್ವಾ ಸರ್? ನೋಡಿದವರು ನಗಬಾರದು, ಅಷ್ಟೇ.

ಉತ್ತರ: ಗೊರೂರು ಹಿನ್ನೀರು ಸಾಕು. ಹಗಲು ಸಾಲದು. ನನ್ನ ಉತ್ತರ ಇಷ್ಟೇ. ಆದರೆ ಯಾಕೆ ಅಂತ ಹೇಳದೆ ಬಿಟ್ಟರೆ ನೀವು ಬೆಳಗ್ಗೆ ಹನ್ನೊಂದು ಗಂಟೆಗೆ ದೋಣಿ ಇಳಿಸಿಬಿಡುತ್ತೀರಿ.

ನಾನೂ ಹಾಗೇ ಇಳಿಸಿದವನು. ಹಲವು ವರ್ಷಗಳ ಹಿಂದೆ ಒಂದು ಧಾರಾವಾಹಿಗೆ ಕಲಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಪ್ಲೈವುಡ್ಡಿನ ಹಡಗು ಮಾಡಿದ್ದೆವು. ದಡದಿಂದ ನೋಡಿದರೆ ಭರ್ಜರಿಯಾಗಿತ್ತು. ನಿರ್ದೇಶಕರು ದಡದಲ್ಲಿ ನಿಂತು ಕೈ ಬೀಸಿದರು. ಹಡಗಿನ ಮೇಲಿದ್ದ ಹನ್ನೊಂದು ಜನವೂ ಏನು ಅಂತ ನೋಡಲು ಒಂದೇ ಪಕ್ಕಕ್ಕೆ ಬಂದರು. ಹಡಗು ಎಮ್ಮೆ ಮಲಗಿದ ಹಾಗೆ ನಿಧಾನವಾಗಿ ಮಲಗಿತು. ನೀರು ಸೊಂಟದ ಮಟ್ಟಕ್ಕಿತ್ತು, ಬಚಾವಾದೆವು. ತಪ್ಪು ನನ್ನದೇ. ಭಾರವೆಲ್ಲ ಮೇಲಿತ್ತು, ಕೆಳಗೆ ಒಂದು ಕಲ್ಲೂ ಹಾಕಿರಲಿಲ್ಲ. ಮುಂದಿನದನ್ನು ಓದುವಾಗ ಈ ಹಡಗು ನೆನಪಿರಲಿ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಎಡಿಟಿಂಗಿನಲ್ಲಿ ಗೊತ್ತಾಯಿತು. ಪ್ರತಿ ಶಾಟಿನಲ್ಲೂ ಹಡಗಿನ ಹಿಂದೆ ಆಚೆ ದಡ ಕಾಣುತ್ತಿತ್ತು. ಒಂದರಲ್ಲಿ ತೆಂಗಿನ ತೋಟ. ಇನ್ನೊಂದರಲ್ಲಿ ಒಣಗಿ ನಿಂತ ಮರಗಳು. ಮತ್ತೊಂದರಲ್ಲಿ ಒಬ್ಬರು ಎಮ್ಮೆ ತೊಳೆಯುತ್ತಿದ್ದರು. ಸಮುದ್ರದಲ್ಲಿ ದೋಣಿಯ ಮೇಲೆ ನಿಂತವನಿಗೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ನೀರು ಮುಗಿದು ಆಕಾಶ ಶುರುವಾಗುತ್ತೆ. ಆ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿರುತ್ತೆ. ಹಿನ್ನೀರಿನಲ್ಲಿ ಆ ಗೆರೆ ಸಿಗುವುದಿಲ್ಲ. ನೋಡುವವರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಸುಮ್ನೆ 'ಏನೋ ಕೆರೆ ಥರ ಇದೆಯಲ್ಲ' ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಯುದ್ಧ ಮುಗಿಯಿತು.

ದೊಡ್ಡ ದುಡ್ಡಿನವರೂ ಈ ಗೆರೆಗಾಗಿ ಒದ್ದಾಡಿದ್ದಾರೆ. 'ಟೈಟಾನಿಕ್' ಚಿತ್ರಕ್ಕೆ ಮೆಕ್ಸಿಕೋದ ರೊಸಾರಿಟೋದಲ್ಲಿ ಕಡಲ ದಡದಲ್ಲೇ ಸುಮಾರು 6.4 ಕೋಟಿ ಲೀಟರ್ ನೀರು ಹಿಡಿಯುವ ತೊಟ್ಟಿ ಕಟ್ಟಿದರು. ಅದರ ಅಂಚು ಹಿಂದಿನ ನಿಜವಾದ ಸಮುದ್ರದ ಜೊತೆ ಕಣ್ಣಿಗೆ ಸೇರಿಕೊಳ್ಳುವ ಹಾಗೆ ಇಟ್ಟರು. ಸಮುದ್ರದ ಪಕ್ಕದಲ್ಲೇ ಇನ್ನೊಂದು ಸಮುದ್ರ! ಮಾಲ್ಟಾ ದ್ವೀಪದಲ್ಲೂ 1960ರ ದಶಕದಿಂದ ಇಂಥ ತೊಟ್ಟಿ ಇದೆ. ನಮಗೆ ಆ ಭಾಗ್ಯ ಇಲ್ಲ. ಗೆರೆಯನ್ನು ತೋರಿಸಲು ಆಗದಿದ್ದರೆ ಮುಚ್ಚಬೇಕು. ಮುಚ್ಚಲು ಬೇಕಾದ ವಸ್ತುಗಳನ್ನು ಅಬ್ಬಕ್ಕನ ಕಥೆಯೇ ಕೊಡುತ್ತೆ.

ಹೇಗೆ ಅಂತ ಹೇಳುವ ಮೊದಲು ಇತಿಹಾಸದ ಮಾತು ಸ್ವಲ್ಪ ಆಡಬೇಕು. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ಉಳ್ಳಾಲದಲ್ಲಿ ಚೌಟರ ಆಳ್ವಿಕೆ ಇತ್ತು. ಅವರದು ಅಳಿಯಸಂತಾನ ಪದ್ಧತಿ, ಅಂದರೆ ವಾರಸುದಾರಿಕೆ ತಾಯಿಯ ಕಡೆಯಿಂದ, ಹಾಗಾಗಿ ಹೆಣ್ಣುಮಕ್ಕಳು ಪಟ್ಟಕ್ಕೆ ಬರುವುದು ವಿಚಿತ್ರವಾಗಿರಲಿಲ್ಲ. ಪೋರ್ಚುಗೀಸರು ಕಪ್ಪ ಕೇಳಿದರು, ಜಗಳ ಬಂತು. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿಕೊಂಡರು. ರಾತ್ರಿ ದಾಳಿ, ಮೊಗವೀರರ ದೋಣಿಗಳು, ಬೆಂಕಿ ಬಾಣ ಇವೆಲ್ಲ ಜನ ಹೇಳುತ್ತಾ ಬಂದ ಕಥೆಯ ಭಾಗ. ಅದನ್ನು ಬಳಸಿ, ತಪ್ಪಿಲ್ಲ. ಆದರೆ ಆರಂಭದಲ್ಲಿ 'ಇದು ಇತಿಹಾಸ' ಅಂತ ದೊಡ್ಡ ಅಕ್ಷರದಲ್ಲಿ ಹಾಕಬೇಡಿ. ಅಬ್ಬಕ್ಕ ಒಬ್ಬಳಲ್ಲ, ಒಂದೇ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರ ಕಥೆ ಬೆರೆತಿದೆ ಅನ್ನುವ ವಿದ್ವಾಂಸರೂ ಇದ್ದಾರೆ.

ಇನ್ನೊಂದು ವಿಷಯ ನಿಮ್ಮ ವಸ್ತ್ರ ವಿಭಾಗಕ್ಕೆ ಲಾಟರಿ ಹೊಡೆದ ಹಾಗೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ರಾಣಿ ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಸೊಂಟಕ್ಕೆ ದಪ್ಪನೆಯ ಬಿಳಿ ಹತ್ತಿ ಬಟ್ಟೆ. ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ನೋಡಿದರೆ ಅಡುಗೆಮನೆ ಕೆಲಸದವಳ ಹಾಗೆ ಕಂಡಳು, ಮಾತಾಡಿದಾಗ ರಾಣಿ ಅಂತ ತಿಳಿಯಿತು ಎಂಬ ಅರ್ಥದಲ್ಲಿ ಬರೆಯುತ್ತಾನೆ. ಬರೆಯುವಾಗ ಅವನ ಮೂಗು ಸ್ವಲ್ಪ ಮೇಲಿತ್ತು, ಇರಲಿ. ನಮಗೆ ಬೇಕಾದ್ದು ಸಿಕ್ಕಿತಲ್ಲ. ಜರತಾರಿ ಸೀರೆ, ತೋಳಬಂದಿ, ಕಿರೀಟ ಬಾಡಿಗೆಗೆ ತರಬೇಡಿ. ಒಂದು ಬಿಳಿ ಬಟ್ಟೆ ಸಾಕು. ರಾಣಿ ಪಾತ್ರಕ್ಕೆ ಮುಖ ನೋಡಿ ಆರಿಸುವುದಕ್ಕಿಂತ ದನಿ ಕೇಳಿ ಆರಿಸಿ.

ಈಗ ರಾತ್ರಿಗೆ ಬರೋಣ. ಚಿಕ್ಕ ದೋಣಿಯವರು ದೊಡ್ಡ ಹಡಗಿನ ಮೇಲೆ ರಾತ್ರಿಯೇ ಯಾಕೆ ಬೀಳಬೇಕು ಅಂತ ಯೋಚಿಸಿ. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತೆ. ರಾತ್ರಿ ಅದು ನಿಂತು, ನೆಲದಿಂದ ಕಡಲಿಗೆ ತಿರುಗುತ್ತೆ. ಮಧ್ಯೆ ಒಂದಷ್ಟು ಹೊತ್ತು ಎಲೆ ಅಲ್ಲಾಡುವುದಿಲ್ಲ. ಹಾಯಿ ನಂಬಿದ ದೊಡ್ಡ ಹಡಗು ಆಗ ಲಂಗರು ಹಾಕಿ ನಿಂತ ಮನೆ ಇದ್ದ ಹಾಗೆ. ಹುಟ್ಟು ಹಾಕುವ ದೋಣಿಗೆ ಗಾಳಿಯ ಹಂಗಿಲ್ಲ. ಇನ್ನು ಫಿರಂಗಿ. ಹಡಗಿನ ಭಾರಿ ಫಿರಂಗಿ ದೂರಕ್ಕೆ ಹೊಡೆಯಲು ಇರುವುದು. ಪಕ್ಕಕ್ಕೇ ಬಂದು ಅಂಟಿಕೊಂಡ ದೋಣಿಯ ಕಡೆಗೆ ಅದರ ಬಾಯಿ ಅಷ್ಟು ಕೆಳಕ್ಕೆ ಬಾಗುವುದಿಲ್ಲ. ಮರ, ಟಾರು, ಹಗ್ಗ, ಒಣಗಿದ ಹಾಯಿ, ಮದ್ದಿನ ಪೀಪಾಯಿ ತುಂಬಿದ ಹಡಗಿನವರಿಗೆ ಗುಂಡಿಗಿಂತ ಬೆಂಕಿಯ ಭಯ ಜಾಸ್ತಿ. ಅಂದರೆ ಕತ್ತಲಾಗಿರಬೇಕು, ಗಾಳಿ ನಿಂತಿರಬೇಕು, ಹತ್ತಿರ ಹೋಗಿರಬೇಕು, ಕೈಯಲ್ಲಿ ಬೆಂಕಿ ಇರಬೇಕು. ಕಥೆಯ ರಾತ್ರಿ ದಾಳಿಗೆ ಒಂದು ತರ್ಕ ಇದೆ. ಆ ತರ್ಕವೇ ನಿಮ್ಮ ಬಜೆಟ್ಟಿಗೂ ಒಪ್ಪುತ್ತೆ. ಕತ್ತಲಲ್ಲಿ ಆಚೆ ದಡ ಕಾಣುವುದಿಲ್ಲ.

ಆದರೆ ನಿಜವಾದ ಕಗ್ಗತ್ತಲಲ್ಲಿ ತೆಗೆಯಬೇಡಿ. ಅಷ್ಟು ದೊಡ್ಡ ನೀರಿಗೆ ಬೆಳಕು ಹಾಕಲು ನಿಮ್ಮ ಕೈಲಿ ಆಗುವುದಿಲ್ಲ. ಆಚೆ ಊರಿನ ಬೀದಿ ದೀಪ ಬೇರೆ ಕಾಣುತ್ತೆ. ಸೂರ್ಯ ಮುಳುಗಿದ ಮೇಲೆ ನಮ್ಮ ಕಡೆ ಸುಮಾರು ಇಪ್ಪತ್ತು ನಿಮಿಷ ನೀಲಿ ಮಬ್ಬು ಇರುತ್ತೆ ನೋಡಿ, ಅದು ನಿಮ್ಮ ಸಮಯ. ಆಗ ಪಂಜಿನ ಬೆಂಕಿಯೂ ಕಾಣುತ್ತೆ, ಮುಖವೂ ಕಾಣುತ್ತೆ, ನೀರಿನ ಹೊಳಪೂ ಇರುತ್ತೆ, ದಡ ಮಾತ್ರ ಕಪ್ಪು ಮಸಿಯಾಗಿ ಕರಗುತ್ತೆ. ಸಂಜೆಗೆ ಎರಡು ಶಾಟ್ ಸಿಕ್ಕಿದರೆ ಪುಣ್ಯ. ಹಾಗಾಗಿ ಮಧ್ಯಾಹ್ನವೇ ಹೋಗಿ, ಹತ್ತು ಸಲ ರಿಹರ್ಸಲ್ ಮಾಡಿ, ಮಬ್ಬು ಬಂದಾಗ ಬಾಯಿ ಮುಚ್ಚಿಕೊಂಡು ತೆಗೆಯಿರಿ. ನಾಟಕದವರಿಗೆ ಇದು ಕಷ್ಟ ಅಲ್ಲ.

ಎರಡನೇ ಮುಚ್ಚಳ ಮಂಜು. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ನೀರಿನ ಮೇಲೆ ಮಂಜು ಕೂತಿರುವುದನ್ನು ನೀವೇ ನೋಡಿರುತ್ತೀರಿ. ಮಲೆನಾಡಿನ ಮಂಜನ್ನು ಉಳ್ಳಾಲದ ಕಡಲಿನ ಮೇಲೆ ತೋರಿಸುವುದು ಸುಳ್ಳಲ್ವಾ ಅಂತ ಕೇಳಬಹುದು. ಅದನ್ನು ಮಂಜು ಅಂತ ತೋರಿಸಬೇಡಿ, ಹೊಗೆ ಅಂತ ತೋರಿಸಿ. ಅಂದಿನ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ್ದು. ಅದು ಉರಿದರೆ ಅರ್ಧಕ್ಕಿಂತ ಜಾಸ್ತಿ ಭಾಗ ಮಸಿ, ಬೂದಿ, ದಟ್ಟ ಬಿಳಿ ಹೊಗೆಯಾಗಿಯೇ ಉಳಿಯುತ್ತೆ. ಗಾಳಿ ಇಲ್ಲದ ಹೊತ್ತಲ್ಲಿ ನಾಲ್ಕು ಫಿರಂಗಿ ಹಾರಿದರೆ ಪಕ್ಕದ ಹಡಗು ಕಾಣುವುದಿಲ್ಲ. ಸಿನಿಮಾಗಳಲ್ಲಿ ಸಮುದ್ರಯುದ್ಧ ಮದುವೆ ಆಲ್ಬಂ ಥರ ಸ್ವಚ್ಛವಾಗಿ ಕಾಣುತ್ತಲ್ಲ, ಅದು ಸುಳ್ಳು. ನಿಮ್ಮ ಹಿನ್ನೀರಿನ ಮಂಜಿನ ಮೇಲೆ ಒಂದು ಕೆಂಪು ಮಿಂಚು ಮತ್ತು ಅರ್ಧ ಸೆಕೆಂಡ್ ತಡವಾಗಿ ಸದ್ದು ಹಾಕಿ. ನಿಜಕ್ಕೆ ಹತ್ತಿರವಾಗುತ್ತೆ.

ಸದ್ದನ್ನು ತಡ ಮಾಡಿ ಅಂದದ್ದು ಮರೆಯಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ಅರ್ಧ ಸೆಕೆಂಡ್ ತಡ ಅಂದರೆ ಹಡಗು ನೂರೆಪ್ಪತ್ತು ಮೀಟರ್ ದೂರ ಇದೆ ಅಂತ ಕಿವಿಗೆ ತಾನಾಗಿ ತಿಳಿಯುತ್ತೆ. ಮುಂದಿನ ಗುಂಡಿನಲ್ಲಿ ಆ ಅಂತರ ಕಡಿಮೆ ಮಾಡಿ. ಹಡಗು ತೋರಿಸದೆಯೇ ಹತ್ತಿರ ಬಂದ ಹಾಗಾಯಿತು. ಖರ್ಚು ಸೊನ್ನೆ.

ಕಂಪ್ಯೂಟರ್ ಹಡಗಿನ ಬಗ್ಗೆ ಕೇಳಿದ್ದೀರಿ. ಹಡಗು ಮಾಡುವುದು ಸುಲಭ, ಅದರ ಕೆಳಗಿನ ನೀರು ಮಾಡುವುದು ಕಷ್ಟ. ಹಡಗು ನೀರನ್ನು ಸೀಳುವಾಗ ಏಳುವ ನೊರೆ, ಪಕ್ಕದ ದೋಣಿ ಅದರಿಂದ ಅಲ್ಲಾಡುವುದು, ಇವನ್ನು ಅಗ್ಗದಲ್ಲಿ ಮಾಡಿದರೆ ಹಡಗು ಗಾಜಿನ ಮೇಲೆ ಜಾರಿದ ಹಾಗೆ ಕಾಣುತ್ತೆ. ನಿಮಗೆ ನಾನು ಬಡಗಿಯ ಕಡೆ ಕೈ ತೋರಿಸುತ್ತೇನೆ. ಮಾದರಿ ಹಡಗು ಮಾಡಿಸಿ.

ಮಾದರಿಗೆ ಒಂದು ಹಳೆಯ ಲೆಕ್ಕ ಇದೆ. ಹಡಗನ್ನು ಎಷ್ಟು ಪಾಲು ಚಿಕ್ಕದು ಮಾಡುತ್ತೀರೋ, ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಜೋರಾಗಿ ಕ್ಯಾಮೆರಾ ಓಡಿಸಬೇಕು. 30 ಮೀಟರ್ ಹಡಗನ್ನು ಹದಿನಾರನೇ ಒಂದು ಪಾಲಿಗೆ ಇಳಿಸಿದರೆ ಆರಡಿ ಚಿಲ್ಲರೆ. ಹದಿನಾರರ ವರ್ಗಮೂಲ ನಾಲ್ಕು. ಮಾಮೂಲಿ 24 ಫ್ರೇಮ್ ಬದಲು ಸೆಕೆಂಡಿಗೆ 96 ಫ್ರೇಮ್ ತೆಗೆದು ನಿಧಾನವಾಗಿ ಓಡಿಸಿದರೆ ಅಲೆಯೂ ಹಡಗೂ ದೊಡ್ಡದರ ಹಾಗೆ ಭಾರವಾಗಿ ಏಳುತ್ತವೆ. ಫೋನಿನಲ್ಲಿ ಸಾಮಾನ್ಯವಾಗಿ 120 ಇರುತ್ತೆ. ಅದರಲ್ಲೇ ತೆಗೆಯಿರಿ, ಸ್ವಲ್ಪ ಇನ್ನೂ ನಿಧಾನ ಕಂಡರೆ ಹಡಗು ಇನ್ನೂ ತೂಕದ್ದು ಅನಿಸುತ್ತೆ. ಇದಕ್ಕಿಂತ ಚಿಕ್ಕದು ಮಾಡಬೇಡಿ. ನೀರಿನ ಹನಿಯನ್ನು ಚಿಕ್ಕದು ಮಾಡಲು ಯಾರಿಂದಲೂ ಆಗಿಲ್ಲ. ಎರಡಡಿ ಹಡಗಿನ ಪಕ್ಕ ಹಾರುವ ಒಂದು ಹನಿ ಫುಟ್‌ಬಾಲಿನಷ್ಟು ಕಂಡು ಎಲ್ಲ ಕೆಡಿಸುತ್ತೆ. ಮಾದರಿಯ ತಳಕ್ಕೆ ಕಬ್ಬಿಣದ ತುಂಡು ಕಟ್ಟಿ. ನನ್ನ ಪ್ಲೈವುಡ್ ಹಡಗು ನೆನಪಿದೆಯಲ್ಲ.

ಚಿಕ್ಕ ದೋಣಿಗಳ ವಿಷಯಕ್ಕೆ ಮಾದರಿ ಬೇಡ, ನಿಜವಾದದ್ದೇ ಬೇಕು. ಗೊರೂರಿನ ಫೈಬರ್ ದೋಣಿಗೆ ಕಂದು ಬಣ್ಣ ಬಳಿದು ಕೈ ತೊಳೆದುಕೊಳ್ಳಬೇಡಿ. ಅಂದಿನ ನಮ್ಮ ಕಡಲಿನ ದೋಣಿ, ಹಡಗುಗಳಲ್ಲಿ ಎಷ್ಟೋ ಮೊಳೆ ಹೊಡೆದವಲ್ಲ. ಹಲಗೆಗೆ ತೂತು ಮಾಡಿ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಈ ವಿದ್ಯೆ ಪೂರ್ತಿ ಸತ್ತಿಲ್ಲ. ಅಜಂತಾ ಚಿತ್ರವೊಂದನ್ನು ನೋಡಿ ಹೀಗೇ ಹೊಲಿದು ಕಟ್ಟಿದ 'ಕೌಂಡಿನ್ಯ' ಎಂಬ ಹಡಗು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಚಿತ್ರಗಳನ್ನು ಹುಡುಕಿ ನೋಡಿ. ನಿಮ್ಮ ಫೈಬರ್ ದೋಣಿಯ ಒಳಮೈಗೆ ತೆಳು ಹಲಗೆ ಹೊಡೆದು, ಸೇರುವ ಕಡೆ ತೆಂಗಿನ ಹಗ್ಗ ಹೊಲಿದರೆ ಹತ್ತಿರದ ಶಾಟಿಗೆ ಸಾಕು. ತಿಪಟೂರು ಕಡೆಯ ತೆಂಗಿನ ನಾರು ನಿಮಗೆ ಹತ್ತಿರವೇ ಅಲ್ವಾ.

ದೋಣಿ ಎಷ್ಟು ಬೇಕು? ಮೂರು. ಕ್ಯಾಮೆರಾ ಇರುವುದು ಒಂದರಲ್ಲೇ. ಇದರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮ ಪತ್ರದ ಜೊತೆ ಕಳಿಸಿದ ಚಿತ್ರಕಥೆಯಲ್ಲಿ 'ನೂರಾರು ಹಡಗುಗಳು ಮುತ್ತುತ್ತವೆ' ಅಂತ ನಾಲ್ಕು ಕಡೆ ಇದೆ.

ಒಂದು ಭಾನುವಾರ ಊರ ಹೊರಗೆ ಹೋಗಿ ಯಾವುದಾದರೂ ವೀರಗಲ್ಲಿನ ಮುಂದೆ ಕೂತುಕೊಳ್ಳಿ. ಹಾಸನ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಕೆಳಗಿನ ಪಟ್ಟಿಯಲ್ಲಿ ಯುದ್ಧ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಆ ಯುದ್ಧದಲ್ಲಿ ಸಾವಿರ ಜನ ಇದ್ದಿರಬಹುದು, ಕಲ್ಲುಕುಟಿಗ ಕೆತ್ತಿದ್ದು ಒಬ್ಬನನ್ನು. ಇನ್ನು ಮುಂಬೈನ ಬೋರಿವಲಿ ಹತ್ತಿರದ ಎಕ್ಸರ್‌ನಲ್ಲಿ ಸಮುದ್ರಯುದ್ಧದ ವೀರಗಲ್ಲುಗಳಿವೆ. ಸಾಲು ಸಾಲು ಹುಟ್ಟುಗಳ ಹಡಗು, ಒಳಗೆ ಆಯುಧ ಹಿಡಿದ ಜನ. 13ನೇ ಶತಮಾನದ ಯಾದವ, ಶಿಲಾಹಾರರ ಕದನದ್ದು ಅಂತ ಹೇಳುತ್ತಾರೆ. ಅಲ್ಲಿ ನೀರನ್ನು ಕೆತ್ತುವ ಗೋಜಿಗೆ ಜಾಸ್ತಿ ಹೋಗಿಲ್ಲ. ಹುಟ್ಟು ಕೆತ್ತಿದ್ದಾರೆ, ನೀರು ತಾನಾಗಿ ಬಂದಿದೆ. ನಿಮಗೂ ಅದೇ ದಾರಿ. ಮುಳುಗುವ ಹುಟ್ಟು, ಮರದ ಕಿರ್ರ್ ಸದ್ದು, ಅಂಗೈ ಬೊಬ್ಬೆ, ಮುಂದೆ ಕೂತವನ ಬೆನ್ನು, ಆ ಬೆನ್ನಿನ ಆಚೆ ಮಬ್ಬಿನಲ್ಲಿ ಒಂದು ದೊಡ್ಡ ಕಪ್ಪು ಗೋಡೆ. ಹಡಗನ್ನು ಪೂರ್ತಿ ತೋರಿಸಲೇಬೇಡಿ. ಹದಿನೈದಡಿ ಎತ್ತರದ, ಮೂವತ್ತಡಿ ಅಗಲದ ಒಂದು ಪಕ್ಕದ ಗೋಡೆ ನೀರಿನಂಚಿನಲ್ಲಿ, ಗಟ್ಟಿ ನೆಲದಲ್ಲಿ ಕಟ್ಟಿದರೆ ಹತ್ತುವುದು, ಬೀಳುವುದು, ಬೆಂಕಿ ಹಚ್ಚುವುದು ಎಲ್ಲ ಅದರ ಮೇಲೇ.

ಒಂದೇ ದೋಣಿಯಲ್ಲಿ ಕೂತರೆ ಇನ್ನೊಂದು ಲಾಭ ಇದೆ. ಸಮುದ್ರಯುದ್ಧದ ಸಿನಿಮಾಗಳು ಸೋಲುವುದು ಹೆಚ್ಚಾಗಿ ದುಡ್ಡಿಲ್ಲದೆ ಅಲ್ಲ. ಯಾರು ಎಲ್ಲಿದ್ದಾರೆ ಅಂತ ನೋಡುವವನಿಗೆ ತಿಳಿಯದೆ ಸೋಲುತ್ತವೆ. ನೆಲದ ಯುದ್ಧದಲ್ಲಿ ಬೆಟ್ಟ, ಮರ, ಕೋಟೆ ಬಾಗಿಲು ಗುರುತಿಗಿರುತ್ತೆ. ನೀರಿನಲ್ಲಿ ಏನೂ ಇಲ್ಲ. ಹಾಗಾಗಿ ಒಂದು ಗುರುತು ಬೇಕು. 1508ರಲ್ಲಿ ಚೌಲ್ ಬಂದರಿನಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ಮಗ ಲೊರೆಂಸೊ ಸತ್ತ ಕಥೆ ಕೇಳಿ. ಅವನ ಹಡಗು ಸಿಕ್ಕಿಕೊಂಡಿದ್ದು ಮೀನುಗಾರರು ಬಲೆಗಾಗಿ ನೀರಿನಲ್ಲಿ ನೆಟ್ಟ ಗೂಟಗಳಿಗೆ. ಗುಂಡು ತಗುಲಿ ಕಾಲು ಹೋಯಿತು. ಅವನು ಹಾಯಿ ಕಂಬದ ಬುಡದಲ್ಲಿ ಕೂತೇ ಆಜ್ಞೆ ಕೊಡುತ್ತಾ ಸತ್ತ. ಮರುವರ್ಷ 1509ರ ಫೆಬ್ರವರಿ 3ರಂದು ಅಪ್ಪ 18 ಹಡಗುಗಳ ಜೊತೆ ದಿಯು ಬಂದರಿಗೆ ಹೋಗಿ ಸೇಡು ತೀರಿಸಿಕೊಂಡ. ದಿಯು ಕದನವೇ ದೊಡ್ಡದು, ಅರಬ್ಬೀ ಸಮುದ್ರದ ಯಜಮಾನಿಕೆ ಬದಲಾಗಿದ್ದು ಅಲ್ಲಿ. ಆದರೆ ಸಿನಿಮಾ ಇರುವುದು ಚೌಲ್‌ನಲ್ಲಿ, ಆ ಗೂಟಗಳಲ್ಲಿ. ನಿಮ್ಮ ಹಿನ್ನೀರಿನಲ್ಲೂ ಒಂದು ಸಾಲು ಗೂಟ ನೆಡಿ. ಗೂಟದ ಈಚೆ ನಮ್ಮವರು, ಆಚೆ ಅವರು. ಯಾರು ಎಲ್ಲಿ ಅಂತ ಮಗುವಿಗೂ ತಿಳಿಯುತ್ತೆ.

ಹಿನ್ನೀರಿನದೇ ಕೆಲವು ತೊಂದರೆ ಬೇಗ ಹೇಳಿಬಿಡುತ್ತೇನೆ. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಮಳೆಗಾಲ ಮುಗಿದು ನಾಲೆಗೆ ನೀರು ಬಿಟ್ಟಂತೆ ಅದು ಇಳಿಯುತ್ತಾ ಹೋಗುತ್ತೆ. ಹತ್ತು ದಿನ ಬಿಟ್ಟು ಬಂದರೆ ನೀರಿನಂಚು ಮುಂದೆ ಹೋಗಿ, ಮಧ್ಯೆ ಕೆಸರಿನ ಪಟ್ಟಿ ಬಂದಿರುತ್ತೆ. ದಡ ಕಾಣುವ ಶಾಟುಗಳನ್ನು ಒಂದೇ ವಾರದಲ್ಲಿ ಮುಗಿಸಿ. ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಹಾಳು ಚರ್ಚ್ ಹತ್ತಿರ ಮಾತ್ರ ಹೋಗಬೇಡಿ. ಕಟ್ಟಡ ಮೊದಲೇ ಸೋತಿದೆ, ನಿಮ್ಮ ಹೊಗೆ, ಬೆಂಕಿ ಅದಕ್ಕೆ ಬೇಡ. ಅಲ್ಲದೆ ಅದನ್ನು ನೋಡಿದ ತಕ್ಷಣ ಎಲ್ಲರೂ 'ಓ, ಶೆಟ್ಟಿಹಳ್ಳಿ' ಅನ್ನುತ್ತಾರೆ. ಜಲಾಶಯದವರ, ಪೊಲೀಸರ, ಅಗ್ನಿಶಾಮಕದವರ ಅನುಮತಿ ಬರಹದಲ್ಲಿ ಇರಲಿ. ನಿಜವಾದ ಮದ್ದು ಮುಟ್ಟಲೇಬೇಡಿ.

ಈಜು ಬಾರದವರನ್ನು ದೋಣಿ ಹತ್ತಿಸಬೇಡಿ. ಒದ್ದೆ ಪಂಚೆ ಕಾಲಿಗೆ ಸುತ್ತಿಕೊಂಡರೆ ಈಜು ಬಂದವನೂ ಮುಳುಗುತ್ತಾನೆ. ಕಚ್ಚೆ ಬಿಗಿಯಾಗಿ ಕಟ್ಟಿಸಿ. ತೆಳುವಾದ ಲೈಫ್ ಜಾಕೆಟ್ಟಿಗೆ ಮೇಲೊಂದು ಕಂಬಳಿ ಹೊದಿಸಿದರೆ ಮಬ್ಬಿನಲ್ಲಿ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಬೀಳದ ಹಾಗೆ ಒಂದು ಖಾಲಿ ದೋಣಿ, ಅದರಲ್ಲಿ ಇಬ್ಬರು ಈಜುಗಾರರು, ಹಗ್ಗ, ಗಾಳಿ ತುಂಬಿದ ಟ್ಯೂಬ್ ಸದಾ ಇರಲಿ. ನಾನು ಮೂರು ದೋಣಿ ಅಂದಾಗ ಇದನ್ನು ಎಣಿಸಿಲ್ಲ.

ಪೂರ್ತಿ ಸಮುದ್ರ ಬಿಟ್ಟು ನಡೆಯುವುದಿಲ್ಲ, ಎರಡು ದಿನವಾದರೂ ಬೇಕು. ಶಿರಾಡಿ ಇಳಿದು ಉಳ್ಳಾಲಕ್ಕೆ ಹೋಗಿ. ಜೂನ್, ಜುಲೈ ಬೇಡ, ಆಗ ಮೀನುಗಾರಿಕೆ ನಿಷೇಧ, ಕಡಲೂ ಸಿಟ್ಟಿನಲ್ಲಿರುತ್ತೆ. ಅಲ್ಲಿ ನಟರು ಬೇಡ, ಕ್ಯಾಮೆರಾ ಒಂದೇ ಸಾಕು. ಸಮುದ್ರದ ಉದ್ದನೆಯ ಅಲೆ ಹತ್ತು ಸೆಕೆಂಡಿಗೊಮ್ಮೆ ಉಸಿರಾಡಿದ ಹಾಗೆ ಏಳುತ್ತೆ, ಹಿನ್ನೀರಿನ ಅಲೆ ಪಟಪಟ ಅನ್ನುತ್ತೆ. ಆ ಉಸಿರು ಸಿನಿಮಾದ ಮೊದಲ ಎರಡು ನಿಮಿಷದಲ್ಲಿ ಕಣ್ಣಿಗೆ, ಕಿವಿಗೆ ಬಿದ್ದುಬಿಟ್ಟರೆ ಆಮೇಲೆ ನೀವು ಗೊರೂರಿನಲ್ಲಿ ಏನು ತೋರಿಸಿದರೂ ಜನ ಸಮುದ್ರ ಅಂತಲೇ ನಂಬುತ್ತಾರೆ. ಸಂಜೆ ಸೂರ್ಯ ಕಡಲಿಗೆ ಇಳಿಯುವುದನ್ನೂ ತೆಗೆದುಕೊಳ್ಳಿ. ಅಲೆಯ ಸದ್ದು ಅರ್ಧ ಗಂಟೆಯಾದರೂ ಬರೀ ಮೈಕಿನಲ್ಲಿ ಹಿಡಿಯಿರಿ. ದೋಣಿಯ ಮೇಲೆ ಆಡಿದ ಮಾತು ಹೇಗೂ ಕೆಟ್ಟಿರುತ್ತೆ, ಊರಿಗೆ ಬಂದು ಡಬ್ಬಿಂಗ್ ಮಾಡುವಾಗ ಅದರ ಕೆಳಗೆ ಈ ಸದ್ದು ಬೇಕಾಗುತ್ತೆ. ದೋಣಿಯವರು ತುಳುವಿನಲ್ಲಿ ಮಾತಾಡಲಿ, ಬರದಿದ್ದರೆ ಕಡಿಮೆ ಮಾತಾಡಲಿ. ಹಾಸನದ 'ಏನ್ಲಾ' ಉಳ್ಳಾಲದ ದೋಣಿಯಲ್ಲಿ ಕೇಳಿದರೆ ನಾನೇ ಮೊದಲು ನಗುತ್ತೇನೆ.

ಚಿತ್ರಕಥೆಯ ಬಗ್ಗೆ ಒಂದೇ ಸಲಹೆ. ನೀವು ಫಿರಂಗಿಯಿಂದ ಶುರು ಮಾಡಿದ್ದೀರಿ. ಒಂದು ಚೂರು ಕಾಗದದಿಂದ ಶುರು ಮಾಡಿ. ಪೋರ್ಚುಗೀಸರು ನಮ್ಮ ಕಡಲಿನಲ್ಲಿ ಓಡಾಡುವ ವ್ಯಾಪಾರದ ಹಡಗಿಗೆ 'ಕಾರ್ತಾಜ್' ಅನ್ನುವ ರಹದಾರಿ ಪತ್ರ ಕೊಡುತ್ತಿದ್ದರು. ಅದಿಲ್ಲದ ಹಡಗನ್ನು ಸರಕಿನ ಸಮೇತ ಹಿಡಿಯುತ್ತಿದ್ದರು. ತನ್ನ ಮನೆ ಅಂಗಳದಲ್ಲಿ ನಡೆಯಲು ಯಾರದೋ ಚೀಟಿ! ಆ ಹಡಗಿನಲ್ಲಿ ಅಕ್ಕಿ ಇರಲಿ, ಕರಾವಳಿಯ ಅಕ್ಕಿ ಗೋವಾಕ್ಕೆ, ಪರ್ಷಿಯಾ ಕಡೆಯ ಹೊರ್ಮುಜ್ ಬಂದರಿಗೆ ಹೋಗುತ್ತಿತ್ತು. ಕಾಳುಮೆಣಸೂ ಇರಲಿ. ಆ ಮೆಣಸು ಘಟ್ಟದಿಂದ ಎತ್ತಿನ ಬೆನ್ನ ಮೇಲೆ ಇಳಿದದ್ದು. ಮೂಡಿಗೆರೆ, ಸಕಲೇಶಪುರದ ಯಾವುದಾದರೂ ತೋಟದಲ್ಲಿ ಫೆಬ್ರವರಿಯಲ್ಲಿ ಮೆಣಸು ಒಣಹಾಕಿದಾಗ ಹೋಗಿ ಒಂದು ಶಾಟ್ ತೆಗೆದುಕೊಳ್ಳಿ. ಆಗ ಹಾಸನದ ಹುಡುಗರು ಉಳ್ಳಾಲದ ಕಥೆ ಯಾಕೆ ಹೇಳುತ್ತಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ಡಿಸೆಂಬರ್ ಕೊನೆಯ ವಾರ ನಾನು ಹಾಸನದಲ್ಲೇ ಇರುತ್ತೇನೆ. ಮಾದರಿ ಹಡಗು ಅಷ್ಟರಲ್ಲಿ ಆಗಿದ್ದರೆ ತನ್ನಿ, ಬೆಳಗ್ಗೆ ಆರಕ್ಕೇ ನೀರಿಗಿಳಿಸಿ ನೋಡೋಣ. ಕಬ್ಬಿಣದ ತುಂಡು ನಾನೇ ತರುತ್ತೇನೆ.